ಕೊಟ್ಟು ಹೋದವಳೇ, ಹೋಗಿ ಬಾ

ಒಂದೇ ಹುಳದ ಬಾಯಲ್ಲಿ ಸಿಹಿಯನ್ನೂ ಬಾಲದಲ್ಲಿ ಮುಳ್ಳನ್ನೂ ಇಟ್ಟವನು ಯಾರೋ, ಅವನಿಗೆ ಕೈಮುಗಿದು ಈ ಕಥೆ ಹೇಳಬೇಕು. ಅವನು ಇಟ್ಟದ್ದನ್ನು ಇಟ್ಟ ಹಾಗೆ ಕಣ್ಣಿಗೊತ್ತಿಕೊಳ್ಳುವ ಬುದ್ಧಿಯನ್ನು ಅವನೇ ಕೊಡಲಿ.

ಒಂದು ಊರು. ಆ ಊರಿನ ಗೋಡೆಗಳಲ್ಲಿ ಕಿಟಕಿಗಿಂತ ಗೂಡುಗಳು ಹೆಚ್ಚು. ಮನೆ ಕಟ್ಟುವಾಗಲೇ ಗೋಡೆಯಲ್ಲಿ ಒಂದು ಮಡಕೆಯನ್ನು ಅಡ್ಡ ಮಲಗಿಸಿ, ಅದರ ತಳಕ್ಕೆ ಬೆರಳು ತೂರುವಷ್ಟು ತೂತು ಕೊರೆದು, ತೂತನ್ನು ಬೀದಿಗೆ ಬಿಟ್ಟು, ಬಾಯನ್ನು ಒಳಮನೆಗೆ ಇಟ್ಟು ಮುಚ್ಚುತ್ತಿದ್ದರು. ಬೀದಿಯ ತೂತಿನಿಂದ ಜೇನು ಹೋಗಿ ಬರುತ್ತಿತ್ತು. ಒಳಗಿನ ಬಾಯಿಂದ ಮನೆಯವರು ತುಪ್ಪ ತೆಗೆಯುತ್ತಿದ್ದರು. ಗೋಡೆಗೆ ಕಿವಿ ಇಟ್ಟರೆ ಮನೆ ಉಸಿರಾಡುವುದು ಕೇಳುತ್ತಿತ್ತು. ಮಕ್ಕಳು ಆ ಸದ್ದಿಗೆ ನಿದ್ದೆ ಹೋಗುತ್ತಿದ್ದರು, ಮುದುಕರು ಆ ಸದ್ದಿಗೆ ಕಣ್ಣು ಮುಚ್ಚುತ್ತಿದ್ದರು.

ಆ ಊರಿನಲ್ಲಿ ಹೆಸರು ಸುಮ್ಮನೆ ಬರುತ್ತಿರಲಿಲ್ಲ. ಕೂಸು ಹುಟ್ಟಿದ ಮೇಲೆ ಒಂದು ಬೆಳಗ್ಗೆ, ಗೂಡಿನ ತೂತಿನಿಂದ ಎಲ್ಲಕ್ಕಿಂತ ಮೊದಲು ಹೊರಬಂದ ಜೇನನ್ನು ಅಂಗೈ ಬಟ್ಟಲಲ್ಲಿ ಹಿಡಿಯಬೇಕು. ಅದನ್ನು ಕೂಸಿನ ಹಿಮ್ಮಡಿಗೆ ಒತ್ತಬೇಕು. ಜೇನು ಕುಟುಕುತ್ತದೆ. ಮುಳ್ಳು ಹಿಮ್ಮಡಿಯಲ್ಲೇ ಉಳಿಯುತ್ತದೆ, ಜೇನಿನ ಹೊಟ್ಟೆ ಹರಿಯುತ್ತದೆ. ಕೂಸು ಅಳುತ್ತದೆ. ಆ ಅಳುವಿನ ಒಳಗೇ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಬೇಕು. ಆಗ ನೆರೆದವರೆಲ್ಲ ಸತ್ತ ಜೇನಿಗೆ ತಲೆಬಾಗಿ ಅನ್ನುತ್ತಿದ್ದರು: "ಕೊಟ್ಟು ಹೋದವಳೇ, ಹೋಗಿ ಬಾ."

ಸತ್ತ ಜೇನನ್ನು ಹೊಂಗೆ ಎಲೆಯಲ್ಲಿ ಸುತ್ತಿ ಮೂಡಣ ಗಡಿಯ ಬಿಳಿ ಬಂಡೆಯ ಮೇಲೆ ಇಟ್ಟು, ತಿರುಗಿ ನೋಡದೆ ಬರುತ್ತಿದ್ದರು. ಮುಂದಿನದನ್ನು ಸೂರ್ಯ ನೋಡಿಕೊಳ್ಳುತ್ತಿದ್ದ. ಹೆಸರು ಪಡೆಯದ ಕೂಸಿದ್ದರೆ ಹುಣ್ಣಿಮೆಯ ಸಂಜೆ ಅದನ್ನೂ ಅದೇ ಬಂಡೆಯ ಮೇಲೆ ಇಡಬೇಕು ಎಂದು ಕಟ್ಟಳೆಯಲ್ಲಿತ್ತು. ಅಂಥ ಕೂಸು ಆ ಊರಿನಲ್ಲಿ ಹುಟ್ಟಿರಲಿಲ್ಲ. ಆದ್ದರಿಂದ ಆ ಮಾತಿಗೆ ಯಾರೂ ಹೆದರುತ್ತಿರಲಿಲ್ಲ. ಹೀಗೆ ಜೀವ ತೆತ್ತು ಪಡೆದ ಹೆಸರುಗಳನ್ನು ಊರಾಚೆಯವರ ಮುಂದೆ ಆಡಬಾರದು ಎಂಬುದೂ ಅವರ ಕಟ್ಟಳೆಯೇ. ಅದಕ್ಕೇ ಈ ಕಥೆಯಲ್ಲಿ ಯಾರ ಹೆಸರೂ ಬರುವುದಿಲ್ಲ.

ಜೇನು ಹಿಡಿದು ಒತ್ತುವವಳನ್ನು ಗೂಡಮ್ಮ ಅನ್ನುತ್ತಿದ್ದರು. ಗೂಡುಗಳನ್ನು ಕಾಯುವುದು ಅವಳ ಕೆಲಸ, ಜೇನನ್ನು ಆರಿಸುವುದು ಅವಳ ಕೆಲಸ. ಆರಿಸುವುದೆಂದರೇನು? ಮೊದಲು ಬಂದದ್ದನ್ನು ಹಿಡಿಯುವುದು. "ಕಳಿಸೋನು ಅವನು. ನಾನು ಬರೀ ಅಂಗೈ," ಅನ್ನುತ್ತಿದ್ದಳು ಅವಳು. ಊರಿನ ಅರ್ಧ ಜನ ಅವಳ ಅಂಗೈಯಿಂದಲೇ ಹೆಸರು ಪಡೆದವರು. ಎದುರು ಸಿಕ್ಕಾಗ ಚಪ್ಪಲಿ ಬಿಟ್ಟು ತಮ್ಮ ಹಿಮ್ಮಡಿ ಮುಟ್ಟಿಕೊಳ್ಳುತ್ತಿದ್ದರು. ಅದು ಅಲ್ಲಿಯ ನಮಸ್ಕಾರ.

ಗೂಡಮ್ಮನಿಗೆ ಒಬ್ಬಳೇ ಮಗಳು. ಆ ಮಗಳಿಗೆ ಒಂದು ಗಂಡು ಕೂಸಾಯಿತು. ಹೆಸರಿನ ಬೆಳಗ್ಗೆ ಗೂಡಮ್ಮ ಮೊದಲು ಬಂದ ಜೇನನ್ನು ಹಿಡಿದಳು, ಮೊಮ್ಮಗನ ಹಿಮ್ಮಡಿಗೆ ಒತ್ತಿದಳು. ಹಿಮ್ಮಡಿಯಲ್ಲಿ ಎದ್ದ ಊತ ಮೊಣಕಾಲಿಗೆ ಏರಿತು, ತೊಡೆಗೆ ಏರಿತು, ಕೊರಳಿಗೆ ಏರಿತು. ಸೋದರತ್ತೆ ಹೆಸರಿನ ಅರ್ಧ ಹೇಳಿದ್ದಳು. ಉಳಿದರ್ಧ ಕೇಳುವುದಕ್ಕೆ ಕೂಸು ಇರಲಿಲ್ಲ.

"ಉಳಿದರ್ಧ ದೇವರು ತಾನಿಟ್ಟುಕೊಂಡ," ಅಂದರು ಊರಿನವರು. ಯಾರೂ ಗೂಡಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳೂ ಬೈಯಲಿಲ್ಲ. ಒಂದೇ ಒಂದು ಸಲ, ತಲೆ ಬಾಚಿಸಿಕೊಳ್ಳುತ್ತಾ ಕೂತಿದ್ದಾಗ, ಗೋಡೆಯ ಕಡೆ ನೋಡುತ್ತಾ ಕೇಳಿದಳು: "ಅವ್ವಾ, ಅವತ್ತು ನೀನು ಎರಡನೇದನ್ನ ಹಿಡಿದಿದ್ರೆ?"

ಗೂಡಮ್ಮ ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಎದ್ದು ಹೋದಳು. ಅವತ್ತಿನಿಂದ ಅವಳ ಬಲಗೈ ನಡುಗುವುದಕ್ಕೆ ಶುರುವಾಯಿತು.

*

ಮಗಳು ಮತ್ತೆ ಬಸುರಾದ ವರ್ಷ ಊರಿಗೆ ತಿದ್ದುವವನು ಬಂದ. ಅವನು ಕೆಟ್ಟವನಲ್ಲ. ಕಾಲು ತೊಳೆದುಕೊಂಡೇ ಊರೊಳಗೆ ಕಾಲಿಟ್ಟ, ಕೊಟ್ಟ ಮಜ್ಜಿಗೆಯನ್ನು ಹೊಗಳಿ ಕುಡಿದ. ಅವನ ಚೀಲದಲ್ಲಿ ಹತ್ತಿಯ ನಡುವೆ ಗಾಜಿನ ನಳಿಗೆಗಳಿದ್ದವು, ಒಂದೊಂದರಲ್ಲೂ ಒಂದು ರಾಣಿ ಜೇನು. ಹೊಂಗೆಯ ಕಟ್ಟೆಯ ಮೇಲೆ ಅವನ್ನು ಸಾಲಾಗಿ ಇಟ್ಟು ಹೇಳಿದ: "ಜೇನು ಮೊಟ್ಟೆಯಲ್ಲಿರುವಾಗಲೇ ಅದರ ಮೈಯಲ್ಲಿ ಎಲ್ಲ ಬರೆದಿರುತ್ತದೆ. ರೆಕ್ಕೆ ಹೀಗಿರಲಿ, ಕಣ್ಣು ಹೀಗಿರಲಿ, ಮುಳ್ಳು ಇಲ್ಲಿರಲಿ ಅಂತ. ನಾನು ಆ ಬರಹ ತಿದ್ದುತ್ತೇನೆ. ಈ ರಾಣಿಯರ ಹೊಟ್ಟೆಯಲ್ಲಿ ಹುಟ್ಟುವ ಜೇನಿಗೆ ಮುಳ್ಳೇ ಇರುವುದಿಲ್ಲ."

ಊರು ಕಟ್ಟೆಯ ಸುತ್ತ ಕೂತಿತು.

ಗಾಣಿಗ ಕೇಳಿದ: "ಅಲ್ಲ ಸ್ವಾಮಿ, ಮುಳ್ಳು ಕಿತ್ತ ಮೇಲೆ ಅದನ್ನ ಜೇನು ಅನ್ನಬೇಕೋ ಸಿಹಿ ನೊಣ ಅನ್ನಬೇಕೋ?"

ಗೂಡಿನ ಮಡಕೆಗಳನ್ನು ಮಾಡುವ ಕುಂಬಾರಗಿತ್ತಿ ಹಿಂದಿನಿಂದ ಕೂಗಿದಳು: "ಅದೆಲ್ಲ ಇರಲಿ ಕಣಪ್ಪ. ನನ್ನ ಗಂಡನ ನಾಲಿಗೆಗೆ ಒಂದು ನಳಿಗೆ ತಂದಿದೀಯಾ? ಇದ್ರೆ ಮೊದಲು ಅದನ್ನ ಕೊಡು."

ಕಟ್ಟೆ ನಕ್ಕಿತು. ತಿದ್ದುವವನೂ ನಕ್ಕ. ಪೂಜಾರಿ ಮಾತ್ರ ನಗಲಿಲ್ಲ. "ಮುಳ್ಳಿಲ್ಲದ ಗೂಡನ್ನ ಕಾಯೋರು ಯಾರು? ಕಡಜ ಬರುತ್ತೆ."

"ಬಲೆ ಕಟ್ಟಿ."

"ಕಾಡಲ್ಲೂ ಜೇನಿದೆಯಲ್ಲ, ಅದರ ಗತಿ?"

"ಇವುಗಳ ಗಂಡುಗಳು ಹಾರಿ ಹೋಗಿ ಎಲ್ಲಿ ಕೂಡುತ್ತವೋ ಅಲ್ಲೆಲ್ಲ ಮುಳ್ಳು ಮಾಯವಾಗುತ್ತೆ. ನೀವು ಕಾಡು ಸುತ್ತಬೇಕಾಗಿಲ್ಲ. ತಾನಾಗಿ ಆಗುತ್ತೆ."

"ಮಕ್ಕಳ ಹೆಸರು?"

ತಿದ್ದುವವನು ಕೈ ಚೆಲ್ಲಿದ. "ಹೆಸರಿನ ವಿಷಯ ನನಗೆ ತಿಳಿಯದು ಪೂಜಾರಪ್ಪನವರೇ. ನನಗೆ ತಿಳಿದಿರೋದು ಹುಳ."

ಮಾತು ಅತ್ತ ಹೋಯಿತು, ಇತ್ತ ಬಂತು. ದೇವರು ಬರೆದದ್ದನ್ನು ತಿದ್ದಲು ನಾವು ಯಾರು ಅಂದರು ಕೆಲವರು. ಕಣ್ಣಿನ ಪೊರೆ ತೆಗೆಸುವಾಗ ಹೀಗೆ ಕೇಳಿದ್ದಿರಾ ಅಂದರು ಕೆಲವರು. ಆಗ ಗೂಡಮ್ಮ ಎದ್ದು ಬಂದಳು. ಮಡಿಲಿನಿಂದ ಒಂದು ಕುಲಾವಿ ತೆಗೆದಳು. ಅದು ಒಂದು ಮುಷ್ಟಿ ತುಂಬುವಷ್ಟಿತ್ತು. ಅದನ್ನು ನಳಿಗೆಗಳ ಪಕ್ಕ ಇಟ್ಟಳು.

"ಇದು ಅರ್ಧ ಹೆಸರಿನದು," ಅಂದಳು. "ನನ್ನ ಮಗಳು ಮತ್ತೆ ಬಸುರಿ. ನನ್ನ ಕೈ ನೋಡಿ." ಬಲಗೈ ಎತ್ತಿ ತೋರಿಸಿದಳು. ಅದು ಗಾಳಿಗೆ ಸಿಕ್ಕ ಎಲೆಯ ಹಾಗಿತ್ತು. "ಈ ಕೈಯಲ್ಲಿ ಇನ್ನೊಂದು ಸಲ ಮುಳ್ಳು ಹಿಡಿಸಬೇಡಿ. ದೇವರು ಬೇಡ ಅಂದಿದ್ರೆ ಇವನನ್ನ ಈ ದಾರೀಲಿ ಯಾಕೆ ಕಳಿಸ್ತಿದ್ದ?"

ಕುಂಬಾರಗಿತ್ತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಪೂಜಾರಿ ಕಣ್ಣು ಮುಚ್ಚಿ ದೇವರನ್ನು ಕೇಳಿದ. ಕಣ್ಣು ತೆರೆದು ಹೇಳಿದ: "ಆಗಲಿ. ಹುಳ ಬದಲಾಗಲಿ. ಕಟ್ಟಳೆ ಹುಳದ್ದಲ್ಲ, ದೇವರದು. ಅದು ಇದ್ದ ಹಾಗೇ ಇರುತ್ತೆ."

"ಸರಿ," ಅಂದಿತು ಊರು. ಹುಳ ಬದಲಾಗುತ್ತದೆ ಅಂದವರಿಗೆ ಖುಷಿಯಾಯಿತು. ಕಟ್ಟಳೆ ಉಳಿಯುತ್ತದೆ ಅಂದವರಿಗೂ ಖುಷಿಯಾಯಿತು. ಎರಡು ಮಾತನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರು ಒಬ್ಬರೂ ಇರಲಿಲ್ಲ. ನಮ್ಮ ಕಣ್ಣು ಅವನು ಕೊಟ್ಟದ್ದೇ. ಎಷ್ಟು ದೂರ ಕಾಣಬೇಕೋ ಅಷ್ಟೇ ಕೊಟ್ಟಿದ್ದಾನೆ.

*

ಹಳೆಯ ರಾಣಿ ಇರುವವರೆಗೆ ಗೂಡು ಹೊಸ ರಾಣಿಯನ್ನು ಒಪ್ಪುವುದಿಲ್ಲ. ಆದ್ದರಿಂದ ಹಳೆಯ ರಾಣಿಯರನ್ನು ಕೊಲ್ಲಬೇಕಾಯಿತು. ಅದೂ ಗೂಡಮ್ಮನ ಕೆಲಸವೇ. ಮನೆಮನೆಗೂ ಹೋಗಿ, ಮಡಕೆಯ ಬಾಯಿ ತೆರೆದು, ಮೇಣದ ಎರಿಗಳ ನಡುವೆ ಉದ್ದನೆಯ ಹೊಟ್ಟೆಯವಳನ್ನು ಹುಡುಕಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದಳು. ಪ್ರತಿ ಸಲವೂ "ಕೊಟ್ಟು ಹೋದವಳೇ, ಹೋಗಿ ಬಾ" ಅಂದಳು. ಅವರು ಏನನ್ನೂ ಕೊಟ್ಟಿರಲಿಲ್ಲ. ಅವರಿಂದ ಕಿತ್ತುಕೊಂಡದ್ದು. ಆದರೆ ಬೇರೆ ಮಾತು ಆ ಊರಿನಲ್ಲಿ ಇರಲಿಲ್ಲ.

ಮುಳ್ಳಿಲ್ಲದ ಜೇನು ಹುಟ್ಟಿತು. ಮೊದಮೊದಲು ಜನ ಬೆರಳು ತೂರಿಸಿ ನೋಡಿ ಹಿಂದೆಗೆದರು. ಆಮೇಲೆ ಕೈ ತೂರಿಸಿದರು. ಆಮೇಲೆ ಮೊಣಕೈವರೆಗೂ. ಮೊದಲೆಲ್ಲ ತುಪ್ಪ ತೆಗೆಯುವ ದಿನ ಮನೆಯವರು ಮಿಂದು, ಹೊಗೆ ಹಾಕಿ, ಅಪ್ಪಣೆ ಕೇಳಿ, ಮೇಲಿನ ಎರಿ ತಮಗೆ, ಕೆಳಗಿನ ಎರಿ ಜೇನಿಗೆ ಎಂದು ಬಿಟ್ಟುಬಿಡುತ್ತಿದ್ದರು. ಈಗ ಅಪ್ಪಣೆ ಯಾರನ್ನು ಕೇಳುವುದು? ಬೇಕೆನಿಸಿದಾಗ ಕೈ ಹಾಕಿದರು. ಮೇಲಿನ ಎರಿಯೂ ಹೋಯಿತು, ಕೆಳಗಿನದೂ ಹೋಯಿತು. ಮಕ್ಕಳು ಜೇನನ್ನು ಮುಷ್ಟಿಯಲ್ಲಿ ತುಂಬಿಕೊಂಡು ಕಿವಿಯ ಬಳಿ ಅಲ್ಲಾಡಿಸಿ ಗುಂಯ್‌ಗುಡಿಸಿದರು. ರೆಕ್ಕೆ ಕಿತ್ತು ಓಟದ ಪಂದ್ಯ ಕಟ್ಟಿದರು. ಬೆಳೆದವರು ನೋಡಿ, "ಎಷ್ಟು ಸಾಧು ನೋಡಿ," ಅಂದರು.

ಎರಿ ಕಿತ್ತುಕೊಳ್ಳುವ ಕೈಗಳ ಮೇಲೆ ಜೇನು ಓಡಾಡುತ್ತಿತ್ತು. ಬೆರಳ ಸಂದಿಗೆ ಹೋಗುತ್ತಿತ್ತು, ಉಗುರಿಗೆ ತಲೆ ಒತ್ತುತ್ತಿತ್ತು, ಬಾಲ ಬಗ್ಗಿಸಿ ಬಗ್ಗಿಸಿ ಚರ್ಮಕ್ಕೆ ತಾಗಿಸುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಬಗ್ಗಿಸುವುದು ಮಾತ್ರ ಮರೆತಿರಲಿಲ್ಲ. ಗೂಡಮ್ಮ ಅದನ್ನು ನೋಡಿದಳು. ನೋಡಿ, ಮಗಳ ಹೊಟ್ಟೆಯನ್ನೂ ನೋಡಿ, ಮುಖ ತಿರುಗಿಸಿದಳು.

ಮಗಳಿಗೆ ಹೆಣ್ಣು ಕೂಸಾಯಿತು. ಎಳೆ ಹುಣಸೆ ಚಿಗುರಿನ ಬಣ್ಣದ ಹಿಮ್ಮಡಿ.

ಹೆಸರಿನ ಬೆಳಗ್ಗೆ ಊರೆಲ್ಲ ಬಂತು. ಗೂಡಮ್ಮ ಮೊದಲು ಬಂದ ಜೇನನ್ನು ಹಿಡಿದಳು, ಮೊಮ್ಮಗಳ ಹಿಮ್ಮಡಿಗೆ ಒತ್ತಿದಳು. ಜೇನು ಬಾಲ ಬಗ್ಗಿಸಿತು. ಕೂಸಿಗೆ ಕಚಗುಳಿಯಾಗಿ ಕಾಲು ಝಾಡಿಸಿತು. ಜೇನು ಹಾರಿಹೋಯಿತು.

ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಸೋದರತ್ತೆ ಬಾಯಲ್ಲಿ ಹೆಸರು ಇಟ್ಟುಕೊಂಡು ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು. ಕೂಸು ಅಳಲಿಲ್ಲ. ಅಳು ಇಲ್ಲದೆ ಹೆಸರು ಹೇಳುವಂತಿಲ್ಲ. ಪೂಜಾರಿ ಹಿಂದಕ್ಕೆ ಸರಿದು, ಆಕಾಶ ನೋಡಿದ. "ಹುಣ್ಣಿಮೆಗೆ ಇನ್ನೂ ಸ್ವಲ್ಪ ದಿನ ಇದೆ," ಅಂದ, ಯಾರನ್ನೂ ನೋಡದೆ.

ಆಗ ಅವರಿಗೆ ಬಂಡೆ ನೆನಪಾಯಿತು.

*

ಗಂಡಸರು ಕಾಡಿಗೆ ಓಡಿದರು. ಮುಳ್ಳಿರುವ ಒಂದೇ ಒಂದು ಜೇನು ಸಾಕಿತ್ತು. ಮರದ ಪೊಟರೆಗಳಲ್ಲಿ ಕೈ ಹಾಕಿದರು. ತಿದ್ದುವವನು ಹೇಳಿದ್ದು ನಿಜವಾಗಿತ್ತು. ಕಾಡಿನ ಜೇನೂ ಕೈಮೇಲೆ ಓಡಾಡಿ ಬಾಲ ಬಗ್ಗಿಸಿತು. ಅರ್ಧ ಗೂಡುಗಳನ್ನು ಕಡಜ ತಿಂದು ಮುಗಿಸಿತ್ತು. ಗಾಣಿಗ ಒಂದು ಕಡಜವನ್ನೇ ಬಟ್ಟೆಯಲ್ಲಿ ಕಟ್ಟಿ ತಂದ, ಮುಖವೆಲ್ಲ ಊದಿಸಿಕೊಂಡು.

"ಇದು ಕುಟುಕುತ್ತೆ ಪೂಜಾರಪ್ಪ. ನನ್ನ ಮೂತಿ ನೋಡಿ."

"ಕುಟುಕಿ ಸಾಯುತ್ತಾ?" ಕೇಳಿದ ಪೂಜಾರಿ.

"ಎಲ್ಲಿ ಸಾಯುತ್ತೆ, ಹಾಳಾದ್ದು. ಏಳು ಸಲ ಕುಟುಕಿ ಇನ್ನೂ ಕುಣೀತಿದೆ."

"ಹಾಗಾದ್ರೆ ಅದು ಬರೀ ಗಾಯ. ತನ್ನ ಜೀವ ಕೊಡದೆ ಕೊಟ್ಟ ನೋವಿಗೆ ಹೆಸರು ಹುಟ್ಟೋದಿಲ್ಲ."

ಕಡಜವನ್ನು ಹೊರಗೆ ಬಿಟ್ಟರು. ಅದು ಹೋಗಿ ಒಂದು ಗೂಡಿನ ಬಲೆಯ ಮೇಲೆ ಕೂತು ಒಳಗೆ ನೋಡಿತು.

ಕಟ್ಟೆಯ ಸುತ್ತ ಊರು ಮತ್ತೆ ಕೂತಿತು. ತಿದ್ದುವವನು ಎಂದೋ ಹೋಗಿದ್ದ. ಇದ್ದಿದ್ದರೂ ಅವನಿಗೆ ತಿಳಿದಿದ್ದದ್ದು ಹುಳ ಮಾತ್ರ. ಪೂಜಾರಿ ಬಹಳ ಹೊತ್ತು ಕಣ್ಣು ಮುಚ್ಚಿ ಕೂತು, ಮೆಲ್ಲಗೆ ಹೇಳಿದ: "ಜೇನು ಕೊಡಲಾರದ್ದನ್ನ ನಾವು ಕೊಡಬೇಕು. ಒಬ್ಬರು ಮುಳ್ಳು ಹಿಡೀಬೇಕು. ಹಿಡಿದವರು ಕೂಸಿಗೆ ಕೊಟ್ಟು, ಆಮೇಲೆ ಬಂಡೆಗೆ ಹೋಗಬೇಕು."

ಗಂಡಸರು ನೆಲ ನೋಡಿದರು. ಗಾಣಿಗ ಗಂಟಲು ಸರಿಮಾಡಿಕೊಂಡ. "ಗಂಡು ಜೇನಿಗೆ... ಮುಳ್ಳು ಯಾವತ್ತೂ ಇರಲಿಲ್ಲ. ಅಲ್ವಾ ಗೂಡಮ್ಮಾ?"

"ಇರಲಿಲ್ಲ," ಅಂದಳು ಗೂಡಮ್ಮ. ಅದು ನಿಜ.

ಗಂಡಸರ ಕಡೆಯಿಂದ ಒಂದು ಉಸಿರು ಎದ್ದಿತು, ಸಂಜೆಯ ಗೂಡಿನ ಹಾಗೆ.

"ಯಾಕಿಷ್ಟು ಯೋಚನೆ," ಅಂದಳು ಗೂಡಮ್ಮ. "ನಾನಿದೀನಲ್ಲ. ಹುಳ ತಿದ್ದಿಸಿ ಅಂತ ಬೇಡಿದೋಳು ನಾನು. ಕೂಸು ನನ್ನ ಮಗಳದು. ಮುದುಕಿ. ಇನ್ನು ಯಾರು ಬೇಕು?"

ಪೂಜಾರಿಯ ಕಣ್ಣಲ್ಲಿ ನೀರು ಬಂತು. "ದೇವರು ನಿನ್ನ ಬಾಯಲ್ಲಿ ಆಡಿಸಿದ ಮಾತು ಇದು, ತಾಯಿ." ಎಲ್ಲರೂ ತಮ್ಮ ಹಿಮ್ಮಡಿ ಮುಟ್ಟಿಕೊಂಡರು. ಅವತ್ತಿನಿಂದ ಹುಣ್ಣಿಮೆಯವರೆಗೂ ಊರು ಅವಳನ್ನು ಕಣ್ಣರೆಪ್ಪೆಯಲ್ಲಿಟ್ಟುಕೊಂಡಿತು. ಮನೆಮನೆಯಿಂದ ಪಾಯಸ ಬಂತು. ಅಳಿಯ ಅವಳ ಕಾಲಿಗೆ ಎಣ್ಣೆ ತಿಕ್ಕಿದ. ಕುಂಬಾರಗಿತ್ತಿ ಬಂದು, ಹೊಸಿಲ ಮೇಲೆ ಕೂತು, "ಹೋಗ್ತೀಯಾ ಹೋಗು ಮಾರಾಯ್ತಿ. ಇನ್ನು ನನ್ನ ಮಡಕೆ ಸೊಟ್ಟ ಅಂತ ಆಡಿಕೊಳ್ಳೋರು ಯಾರೇ? ಬೇರೆಯವರ ಬಾಯಲ್ಲಿ ಕೇಳಿದ್ರೆ ನನಗೆ ಸಮಾಧಾನ ಆಗೋದಿಲ್ಲ," ಅಂದು ಅತ್ತಳು.

ಮಗಳು ಮಾತ್ರ ಅಳಲಿಲ್ಲ. ಮೂಲೆಯಲ್ಲಿ ಕೂತು, ಕೂಸಿಗೆ ಹಾಲು ಕೊಡುತ್ತಾ, ಅವ್ವನ ಕೈಯನ್ನೇ ನೋಡುತ್ತಿದ್ದಳು.

ಆ ಕೈಯಲ್ಲಿ ಒಂದು ಜಾಲಿ ಮುಳ್ಳಿತ್ತು. ಬೇಲಿಯಲ್ಲಿ ಹುಡುಕಿ ಹುಡುಕಿ ಎಲ್ಲಕ್ಕಿಂತ ನಯವಾದದ್ದನ್ನು ಗೂಡಮ್ಮ ತಂದಿದ್ದಳು. ತಂದು ಬಾಗಿಲ ಕಲ್ಲಿನ ಮೇಲೆ ಉಜ್ಜುತ್ತಿದ್ದಳು. ಕೊಯ್ಯಬಾರದು, ಹರಿಯಬಾರದು, ಮೊದಲ ಕೂಸಿನ ಹಿಮ್ಮಡಿಯ ಹಾಗೆ ಆಗಬಾರದು. ಬೆಳಗ್ಗೆ ಉಜ್ಜುತ್ತಿದ್ದಳು, ಸಂಜೆ ಉಜ್ಜುತ್ತಿದ್ದಳು. ಉಜ್ಜುತ್ತಾ ದೇವರನ್ನು ಕರೆಯುತ್ತಿದ್ದಳು. ಕರೆಯುತ್ತಾ ಉಜ್ಜುತ್ತಿದ್ದಳು. ಅಷ್ಟು ಪ್ರೀತಿಯಿಂದ ಯಾರೂ ಒಂದು ಮುಳ್ಳನ್ನು ಹಿಡಿದಿರಲಿಕ್ಕಿಲ್ಲ.

ಹುಣ್ಣಿಮೆಯ ದಿನ ಬಂತು. ಗೂಡಮ್ಮನಿಗೆ ಹೊಂಗೆ ಎಲೆಯ ಬಣ್ಣದ ಸೀರೆ ಉಡಿಸಿದರು. ಕೂಸನ್ನು ಮಗಳ ತೊಡೆಯ ಮೇಲೆ ಮಲಗಿಸಿದರು. ಸೋದರತ್ತೆ ಕಿವಿಯ ಬಳಿ ಬಗ್ಗಿದಳು. ಗೂಡಮ್ಮ ಮುಳ್ಳನ್ನು ಹಿಮ್ಮಡಿಗೆ ಇಟ್ಟಳು. ಕೈ ನಡುಗಿತು. ಕಣ್ಣ ಮುಂದೆ ಊತ ಏರಿತು, ಮೊಣಕಾಲಿಗೆ, ತೊಡೆಗೆ, ಕೊರಳಿಗೆ. ಅವಳು ಕಣ್ಣು ಮುಚ್ಚಿ ಒತ್ತಿದಳು.

ಉಜ್ಜಿ ಉಜ್ಜಿ ಮೊನೆ ಸವೆದಿತ್ತು. ಹಿಮ್ಮಡಿಯ ಮೇಲೆ ಒಂದು ಕುಳಿ ಬಿದ್ದು, ತುಂಬಿಕೊಂಡಿತು. ರಕ್ತ ಬರಲಿಲ್ಲ. ಕೂಸು ಅಜ್ಜಿಯನ್ನು ನೋಡಿ, ಬೊಚ್ಚು ಬಾಯಿ ಬಿಟ್ಟು ನಕ್ಕಿತು.

"ಇನ್ನೊಂದು ಸಲ," ಅಂದಳು ಗೂಡಮ್ಮ. "ತಡೀರಿ, ಇನ್ನೊಂದು ಸಲ..."

ಪೂಜಾರಿ ಮೃದುವಾಗಿ ಅವಳ ಮಣಿಕಟ್ಟು ಹಿಡಿದ. "ಒಂದು ಜೇನಿಗೆ ಒಂದೇ ಕುಟುಕು, ತಾಯಿ."

"ಹಾಗಾದ್ರೆ ನನ್ನ ಬಂಡೆಗೆ ಕಳಿಸಿ. ಕೂಸಿಗೆ ಹೆಸರಿಡಿ."

"ಕುಟುಕದ ಜೇನನ್ನ ಬಂಡೆ ಮೇಲೆ ಇಟ್ಟದ್ದುಂಟಾ? ನೀನು ಕೊಡಲಿಲ್ಲವಲ್ಲ. ಕೊಡದೋರು ಹೋಗೋ ಹಾಗಿಲ್ಲ." ಅವನ ದನಿಯಲ್ಲಿ ಕೋಪವಿರಲಿಲ್ಲ. ಅವನು ಅವಳ ಅಂಗೈಯಿಂದಲೇ ಹೆಸರು ಪಡೆದವನು.

ಬೆಳಕು ಪಡುವಣಕ್ಕೆ ಜಾರುತ್ತಿತ್ತು. ಬಂಡೆ ದೂರದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಯಾರೂ ಕೂಸನ್ನು ಎತ್ತಿಕೊಳ್ಳಲು ಮುಂದೆ ಬರಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ.

ಮಗಳು ಕೂಸನ್ನು ನಾದಿನಿಯ ತೊಡೆಗೆ ಕೊಟ್ಟು ಎದ್ದಳು. ಬೇಲಿಯವರೆಗೆ ನಡೆದಳು. ಕಣ್ಣಿಗೆ ಬಿದ್ದ ಮೊದಲ ಮುಳ್ಳನ್ನು ಮುರಿದಳು. ಅದು ಉದ್ದವಿತ್ತು, ಬುಡದಲ್ಲಿ ತೊಗಟೆ ಅಂಟಿಕೊಂಡಿತ್ತು. ತಿರುಗಿ ಬಂದು ಅವ್ವನ ಮುಂದೆ ನಿಂತಳು.

"ಅವತ್ತು ಎರಡನೇದನ್ನ ಹಿಡಿದಿದ್ರೆ ಅಂತ ಕೇಳಿದ್ದೆನಲ್ಲ ಅವ್ವಾ," ಅಂದಳು. "ಎರಡನೇದು ಇಲ್ಲೇ ಇದೆ, ನೋಡು."

ಅವಳ ಕೈ ನಡುಗಲಿಲ್ಲ. ಕೂಸು ಊರು ಬೆಚ್ಚುವ ಹಾಗೆ ಅತ್ತಿತು. ಆ ಅಳುವಿನೊಳಗೆ ಸೋದರತ್ತೆ ಪೂರ್ತಿ ಹೆಸರು ಹೇಳಿದಳು. ಹಿಮ್ಮಡಿಯಿಂದ ಒಂದು ಹನಿ ರಕ್ತ ಇಳಿಯಿತು. ಊತ ಏರಲಿಲ್ಲ. ದೇವರು ದೊಡ್ಡವನು.

ಹೊಂಗೆ ಬಣ್ಣದ ಸೀರೆಯನ್ನು ಅವ್ವನ ಮೈಯಿಂದ ಬಿಚ್ಚಿ ಮಗಳಿಗೆ ಸುತ್ತಿದರು. ಊರು ತಲೆಬಾಗಿ ಅಂದಿತು: "ಕೊಟ್ಟು ಹೋದವಳೇ, ಹೋಗಿ ಬಾ." ಮಗಳು ಬಂಡೆಗೆ ನಡೆದಳು. ಅವಳ ಕುಪ್ಪಸ ಹಾಲಿಗೆ ನೆಂದು ಅಂಟಿಕೊಂಡಿತ್ತು. ಬಿಟ್ಟು ಬರಲು ಹೋದವರು ತಿರುಗಿ ನೋಡದೆ ಬಂದರು. ನೀರು ಒಯ್ಯುವಂತಿರಲಿಲ್ಲ. ಸತ್ತ ಜೇನಿಗೆ ಯಾರು ನೀರು ಒಯ್ದಿದ್ದಾರೆ?

ಹೊಲದಲ್ಲಿದ್ದವರು ಕಂಡದ್ದು ಇಷ್ಟು. ಊರಿನ ಜೇನೆಲ್ಲ ಬಂಡೆಯ ಮೇಲೆ ಸುತ್ತುತ್ತಿತ್ತು. ಅವಳ ತುಟಿಯ ಮೇಲೆ, ರೆಪ್ಪೆಯ ಮೇಲೆ, ಕುಪ್ಪಸದ ಮೇಲೆ ಇಳಿಯುತ್ತಿತ್ತು, ಏಳುತ್ತಿತ್ತು. ಕೆಳಗಿನ ಎರಿಯನ್ನೂ ಕಳಕೊಂಡ ಜೇನಿನ ಬಾಯಲ್ಲಿ ಅವಳಿಗೆ ಕೊಡಲು ಒಂದು ಹನಿ ಸಿಹಿಯಿರಲಿಲ್ಲ. ಅವಳನ್ನು ಕಾಯಲು ಮುಳ್ಳೂ ಇರಲಿಲ್ಲ. ಸುತ್ತುವುದು ಮಾತ್ರ ಗೊತ್ತಿತ್ತು, ಸುತ್ತಿತು. ಉಳಿದದ್ದನ್ನು ಸೂರ್ಯ ನೋಡಿಕೊಂಡ.

*

ಗೂಡಮ್ಮ ಉಳಿದಳು. ಕುಟುಕದವಳು ಉಳಿಯಲೇಬೇಕು. ಹೆಸರು ಪಡೆದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಮೇಕೆ ಹಾಲು ಕುಡಿಸಿಕೊಂಡು, ಮನೆಮನೆಯ ಖಾಲಿ ಮಡಕೆಗಳಿಗೆ ಕಿವಿ ಇಟ್ಟು ನೋಡಿಕೊಂಡು ತಿರುಗಿದಳು. ಕೂಸು ತೊದಲು ನುಡಿಯುವ ಹೊತ್ತಿಗೆ ಕುಂಬಾರಗಿತ್ತಿಯ ಸೊಸೆಗೆ ಗಂಡು ಮಗುವಾಯಿತು.

ಪೂಜಾರಿ ಗೂಡಮ್ಮನ ಹೊಸಿಲ ಬಳಿ ಬಂದು, ಚಪ್ಪಲಿ ಬಿಟ್ಟು, ಹಿಮ್ಮಡಿ ಮುಟ್ಟಿಕೊಂಡ.

"ಹೆಸರಿನ ಬೆಳಗ್ಗೆ ಹತ್ತಿರ ಬಂತು, ತಾಯಿ."

"ನನ್ನ ಯಾಕೆ ಕೇಳ್ತೀಯಪ್ಪ? ನಾನು ಕೊಡಲಾರದೋಳು ಅಂತ ಊರಿಗೇ ಗೊತ್ತಲ್ಲ."

"ಕೊಡೋದಕ್ಕಲ್ಲ," ಅಂದ ಪೂಜಾರಿ. "ಆರಿಸೋದಕ್ಕೆ. ಯಾವತ್ತೂ ಅದು ಗೂಡಮ್ಮನ ಕೆಲಸ ತಾನೆ? ಮೊದಲು ಹೊರಗೆ ಬಂದೋಳನ್ನ ಹಿಡೀಬೇಕು. ಕಳಿಸೋನು ಅವನು. ನೀನು ಬರೀ ಅಂಗೈ."

ತನ್ನದೇ ಮಾತು ತನಗೆ ತಿರುಗಿ ಬಂದದ್ದನ್ನು ಗೂಡಮ್ಮ ಕೇಳಿಸಿಕೊಂಡಳು. ಆಮೇಲೆ ಎದ್ದು ಬೇಲಿಯ ಕಡೆ ಹೋದಳು.

ಹೆಸರಿನ ದಿನ ಬೆಳಕು ಹರಿಯುವ ಮುಂಚೆ ಅವಳು ಹೊಂಗೆಯ ಕಟ್ಟೆಯ ಮೇಲೆ ಕೂತಿದ್ದಳು. ಅಲ್ಲಿಂದ ಊರಿನ ಎಲ್ಲ ಬೀದಿಗಳೂ ಕಾಣುತ್ತವೆ. ಬೆನ್ನಿಗೆ ಮೊಮ್ಮಗಳು ನಿದ್ದೆಯಲ್ಲಿದ್ದಳು. ಮಡಿಲಲ್ಲಿ ಒಂದು ಜಾಲಿ ಮುಳ್ಳು. ಈ ಸಲ ಅದನ್ನು ಅವಳು ಕಲ್ಲಿಗೆ ಉಜ್ಜಿರಲಿಲ್ಲ.

ಸೂರ್ಯ ಬಂದ. ಗೋಡೆಯ ತೂತುಗಳಿಂದ ಅಳಿದುಳಿದ ಜೇನು ಹೊರಬಂತು, ಒಂದು, ಆಮೇಲೆ ಇನ್ನೊಂದು. ಬಾಗಿಲುಗಳು ತೆರೆಯಲಿಲ್ಲ. ನೀರಿಗೆ ಯಾರೂ ಬರಲಿಲ್ಲ, ಅಂಗಳಕ್ಕೆ ಸಗಣಿ ನೀರು ಬೀಳಲಿಲ್ಲ, ಹಟ್ಟಿಯಲ್ಲಿ ದನ ಕೂಗಿದರೂ ಯಾವ ಹೆಂಗಸೂ ಓಗೊಡಲಿಲ್ಲ. ಪ್ರತಿ ಬಾಗಿಲ ಹಿಂದೆಯೂ ಉಸಿರು ಹಿಡಿದ ಸದ್ದು. ಇಡೀ ಊರು ಒಂದು ಗೂಡಿನ ಹಾಗೆ ಬಾಯಿ ಮುಚ್ಚಿಕೊಂಡಿತ್ತು. ಕುಂಬಾರರ ಮನೆಯ ಒಳಗಿಂದ ಹೆಸರಿಲ್ಲದ ಮಗು ಅಳುವುದೊಂದು ಕೇಳುತ್ತಿತ್ತು.

ಗೂಡಮ್ಮ ಮನಸ್ಸಿನಲ್ಲೇ ಬೇಡಿದಳು: ಯಾರನ್ನೂ ಕಳಿಸಬೇಡ. ಬೇಡಿ ಮುಗಿಯುವ ಮುಂಚೆ ಕುಂಬಾರರ ಮನೆಯ ಅಗುಳಿ ಜಾರಿದ ಸದ್ದಾಯಿತು.

ಬಂದವಳು ಕುಂಬಾರಗಿತ್ತಿ. ಮೊಣಕೈವರೆಗೂ ಹಸಿ ಜೇಡಿಮಣ್ಣು. ಬೀದಿಯ ನಡುವೆ ನಿಂತು, ಮುಚ್ಚಿದ ಬಾಗಿಲುಗಳನ್ನೆಲ್ಲ ಒಮ್ಮೆ ನೋಡಿ, ಗಟ್ಟಿಯಾಗಿ ಅಂದಳು: "ಅಬ್ಬಬ್ಬಾ, ಇವತ್ತು ಊರಲ್ಲಿ ಯಾರಿಗೂ ಉಚ್ಚೆ ಬಂದಿಲ್ಲ!"

ಗೂಡಮ್ಮ ಮುಖ ತಿರುಗಿಸಿ ಕಣ್ಣು ಮುಚ್ಚಿದಳು. "ನಾನು ನೋಡಲಿಲ್ಲ. ಒಳಗೆ ಹೋಗು."

"ನೋಡೇ ಇಲ್ಲಿ."

"ನೋಡಲಿಲ್ಲ ಅಂದೆನಲ್ಲ. ಹೋಗೇ. ನಿನ್ನ ಕಾಲು ಹಿಡ್ಕೊತೀನಿ, ಹೋಗು."

ಕುಂಬಾರಗಿತ್ತಿ ಕಟ್ಟೆ ಹತ್ತಿ ಅವಳ ಪಕ್ಕ ಕೂತಳು. ಮಣ್ಣಿನ ವಾಸನೆ ಬಂತು. ಬೆನ್ನಿನಲ್ಲಿ ಮಲಗಿದ್ದ ಕೂಸಿನ ಹಿಮ್ಮಡಿಯನ್ನು ಒಂದು ಬೆರಳಿನಿಂದ ಮುಟ್ಟಿದಳು. ಅಲ್ಲಿ ಗಾಯದ ಕಲೆ ಇನ್ನೂ ಇತ್ತು.

"ಅವತ್ತೂ ಹೀಗೇ ಕಣ್ಣು ಮುಚ್ಚಿದ್ದೆ ನೀನು," ಅಂದಳು ಮೆಲ್ಲಗೆ. "ಮುಚ್ಚಿದ್ದಕ್ಕೆ ಹೋದೋಳು ಯಾರು? ಈಗ ನಾನು ಒಳಗೆ ಹೋದ್ರೆ ಮುಂದಿನ ಸಲ ಬಾಗಿಲು ತೆಗೆಯೋಳು ನನ್ನ ಸೊಸೆ. ಅವಳ ಎದೆ ಹಾಲಿನ್ನೂ ಆರಿಲ್ಲ. ಪ್ರೀತಿ ಸಾಕು ಮಾರಾಯ್ತಿ. ಹಿಡಿ."

ಗೂಡಮ್ಮ ಕಣ್ಣು ತೆರೆದಳು.

"ಮತ್ತೆ," ಅಂದಳು ಕುಂಬಾರಗಿತ್ತಿ, "ಚಕ್ರದ ಮೇಲೆ ಒಂದು ಮಡಕೆ ಅರ್ಧಕ್ಕೆ ಬಿಟ್ಟು ಬಂದಿದೀನಿ. ಸೊಟ್ಟ ಇದೆ. ಯಾರಿಗೂ ಹೇಳಬೇಡ."

ಹಾರಿ ಬಂದ ಒಂದು ಜೇನು ಅವಳ ಮಣ್ಣಿನ ಮಣಿಕಟ್ಟಿನ ಮೇಲೆ ಕೂತಿತು. ಅತ್ತ ಓಡಿತು, ಇತ್ತ ಓಡಿತು. ಬಾಲ ಬಗ್ಗಿಸಿ, ಚರ್ಮಕ್ಕೆ ಒತ್ತಿ, ಕಾದಿತು. ಏನೂ ಆಗಲಿಲ್ಲ. ಗೂಡಮ್ಮ ಅದನ್ನು ಬಾಯಿಂದ ಊದಿ ಹಾರಿಸಿದಳು. ಅದು ಕೂತಿದ್ದ ಜಾಗದಲ್ಲಿ ತನ್ನ ಬಲಗೈಯನ್ನು ಇಟ್ಟು, ಜೇನು ಹಿಡಿಯುವ ಹಾಗೆ ಬೆರಳುಗಳನ್ನು ಬಟ್ಟಲು ಮಾಡಿ, ಆ ಮಣಿಕಟ್ಟನ್ನು ಹಿಡಿದಳು.

ಮಗಳು ಆ ಮಾತು ಕೇಳಿದಂದಿನಿಂದ ನಡುಗುತ್ತಿದ್ದ ಆ ಕೈ, ಅವತ್ತು ನಡುಗಲಿಲ್ಲ.